ಸೇಂಟ್ ಲೂಯಿಸ್: ಮಿಸಿಸಿಪ್ಪಿ ದಂಡೆಯ ನಗರ ಮತ್ತು ಸುತ್ತಲಿನ ಊರುಗಳು

ಅಮೆರಿಕದ ಮಿಸೌರಿ ರಾಜ್ಯದ ಈ ನಗರ ಮಿಸಿಸಿಪ್ಪಿಯ ಪಶ್ಚಿಮ ದಂಡೆಯಲ್ಲಿದೆ. ಮಿಸೌರಿ ನದಿಯ ಸಂಗಮ ಸ್ವಲ್ಪ ಉತ್ತರಕ್ಕೆ. ಗಮನಿಸಿ: ರಾಜ್ಯದ ರಾಜಧಾನಿ ಇದಲ್ಲ, ಜೆಫರ್ಸನ್ ಸಿಟಿ. ಈಸ್ಟ್ ಸೇಂಟ್ ಲೂಯಿಸ್ ಕೂಡ ಬೇರೆಯೇ ಊರು, ಎದುರು ದಂಡೆಯ ಇಲಿನಾಯ್ ರಾಜ್ಯಕ್ಕೆ ಸೇರಿದ್ದು.

1764ರಲ್ಲಿ ಫ್ರೆಂಚ್ ತುಪ್ಪಳ ವ್ಯಾಪಾರಿಗಳು ಕಟ್ಟಿದ ಊರು, 1803ರ ಲೂಯಿಸಿಯಾನಾ ಖರೀದಿಯಿಂದ ಅಮೆರಿಕದ ಪಾಲಾಯಿತು. 1904ರಲ್ಲಿ ಅಮೆರಿಕದ ಮೊದಲ ಒಲಿಂಪಿಕ್ಸ್ ನಡೆದದ್ದು ಇಲ್ಲಿಯೇ.

ನೋಡಲೇಬೇಕಾದದ್ದು ಗೇಟ್‌ವೇ ಆರ್ಚ್ ಎಂಬ ಕಮಾನು. ವಾಸ್ತುಶಿಲ್ಪಿ ಈರೋ ಸಾರಿನೆನ್. ಕಮಾನು ಪೂರ್ಣಗೊಂಡದ್ದು 1965ರಲ್ಲಿ. ಎತ್ತರ 630 ಅಡಿ, ಬುಡದ ಅಗಲವೂ ಅಷ್ಟೇ. ಎರಡಕ್ಕೂ ಒಂದೇ ಅಂಕಿ ನೆನಪಿದ್ದರೆ ಸಾಕು. ತೂಗುಬಿಟ್ಟ ಸರಪಳಿಯನ್ನು ತಲೆಕೆಳಗು ಮಾಡಿದ ಆಕಾರ. ಒಳಗಿನ ಟ್ರಾಮ್‌ನ ಒಂದೊಂದು ಗೂಡಿನಲ್ಲಿ ಐದೇ ಆಸನ. ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ನುಗ್ಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಸುಮಾರು ನಾಲ್ಕು ನಿಮಿಷದಲ್ಲಿ ತುದಿ. ಪಕ್ಕದ ಹಳೆಯ ನ್ಯಾಯಾಲಯದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಕೋರಿದ ಡ್ರೆಡ್ ಸ್ಕಾಟ್ ಮೊಕದ್ದಮೆ ಮೊದಲು ನಡೆಯಿತು. 1857ರಲ್ಲಿ ಸುಪ್ರೀಂ ಕೋರ್ಟ್ ಆತನ ವಿರುದ್ಧ ತೀರ್ಪಿತ್ತಿತು. ಮಿಸಿಸಿಪ್ಪಿಗೆ ಅಡ್ಡಲಾಗಿರುವ 1874ರ ಈಡ್ಸ್ ಸೇತುವೆ ಮೊದಮೊದಲ ದೊಡ್ಡ ಉಕ್ಕಿನ ಸೇತುವೆಗಳಲ್ಲೊಂದು.

ನದಿ ದಾಟಿದರೆ ಕಹೋಕಿಯಾ ದಿಬ್ಬಗಳು: ಮೂಲನಿವಾಸಿಗಳ ಮಿಸಿಸಿಪ್ಪಿಯನ್ ಸಂಸ್ಕೃತಿಯ ಮಹಾನಗರವಿದ್ದ ಜಾಗ, 1982ರಿಂದ ಯುನೆಸ್ಕೋ ವಿಶ್ವ ಪರಂಪರೆ ತಾಣ. ಬುಟ್ಟಿಗಳಲ್ಲಿ ಮಣ್ಣು ಹೊತ್ತು ಎಬ್ಬಿಸಿದ ಮಾಂಕ್ಸ್ ಮೌಂಡ್ ಸುಮಾರು 30 ಮೀಟರ್ ಎತ್ತರ. ಕಮಾನಿಗಿಂತ ಇದೇ ದೊಡ್ಡ ಸೋಜಿಗ ಎನ್ನಬೇಕು, ಆದರೂ ಪ್ರವಾಸಿಗರ ಕಣ್ಣು ಕಮಾನಿನ ಮೇಲೆಯೇ.

ಸುತ್ತಲಿನ ಇನ್ನೆರಡು ಊರುಗಳು. ಆಲ್ಟನ್: 1858ರಲ್ಲಿ ಸೆನೆಟ್ ಅಭ್ಯರ್ಥಿಗಳಾದ ಲಿಂಕನ್–ಡಗ್ಲಸ್ ನಡುವಿನ ಕೊನೆಯ ಚರ್ಚೆ ನಡೆದ ಊರು. ಸೇಂಟ್ ಚಾರ್ಲ್ಸ್: ಮಿಸೌರಿ ರಾಜ್ಯದ ಮೊದಲ ರಾಜಧಾನಿ, 1821–1826.