ಮೊಣಕಾಲಿನ ಲಿಗಮೆಂಟ್ ಪೆಟ್ಟು: ನೋವು ಹೋದರೆ ಸಾಕೇ?

ಕಬಡ್ಡಿ, ಕೊಕ್ಕೊ, ಫುಟ್‌ಬಾಲ್ ಆಡುವಾಗ ಓಡುತ್ತಲೇ ಒಮ್ಮೆಲೇ ತಿರುಗಿದರೆ ಮೊಣಕಾಲು ಉಳುಕುವುದುಂಟು. ಒಳಗೆ ‘ಪಟ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಊತ ಬಂದರೆ ಎ.ಸಿ.ಎಲ್. ಎಂಬ ಲಿಗಮೆಂಟ್ ಹರಿದಿರುವ ಸಂಭವವಿದೆ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಗಟ್ಟಿ ಹುರಿ ಇದು. ಕೆಲವು ವಾರಗಳಲ್ಲಿ ಊತ ಇಳಿದು, ನೋವೂ ಕಡಿಮೆಯಾಗುತ್ತದೆ. ಆದರೆ ಕಾಲು ಗಟ್ಟಿಯಾಯಿತೆಂದು ಇದರಿಂದ ತಿಳಿಯಬಾರದು.

ಸಡಿಲವನ್ನು ಅಳೆಯುವುದು ಹೇಗೆ?

ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಆದ್ದರಿಂದ ವೈದ್ಯರು ಮೊಣಕಾಲನ್ನು 20ರಿಂದ 30 ಡಿಗ್ರಿಯಷ್ಟು ಮಡಚಿ, ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಇದಕ್ಕೆ ಲ್ಯಾಕ್‌ಮನ್ ಪರೀಕ್ಷೆ ಎನ್ನುತ್ತಾರೆ. ಎರಡೂ ಕಾಲುಗಳನ್ನು ಹೋಲಿಸಿ ನೋಡುವುದು ಮುಖ್ಯ. ಕೆಲವೆಡೆ ಇದನ್ನು ಅಳೆಯುವ ಉಪಕರಣವೂ ಇರುತ್ತದೆ. ಒಳ್ಳೆಯ ಕಾಲಿಗಿಂತ 3 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಜಾರಿದರೆ ಲಿಗಮೆಂಟ್ ಹರಿದಿರುವ ಸಂಶಯ ಬಲವಾಗುತ್ತದೆ. ಎಂ.ಆರ್.ಐ. ಇದನ್ನು ಖಚಿತಪಡಿಸಲು ನೆರವಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಮಾಡಿದಾಗ ಸಾಮಾನ್ಯವಾಗಿ ರೋಗಿಯದೇ ಸ್ನಾಯುರಜ್ಜುವಿನಿಂದ ಹೊಸ ಲಿಗಮೆಂಟ್ ಕೂಡಿಸುತ್ತಾರೆ. ಅದು ಮೂಳೆಯೊಡನೆ ಬೆಸೆದು ಬಲಗೊಳ್ಳಲು ತಿಂಗಳುಗಳೇ ಬೇಕು. ಆಟಕ್ಕೆ ಮರಳುವ ಮೊದಲು ಇವನ್ನು ನೋಡಬೇಕು:

1. ಮೊಣಕಾಲು ಪೂರ್ತಿ ಚಾಚಲು, ಮಡಚಲು ಬರಬೇಕು, ಊತ ಇರಬಾರದು.
2. ತೊಡೆಯ ಸ್ನಾಯುವಿನ ಬಲ ಒಳ್ಳೆಯ ಕಾಲಿನ ಶೇ. 90ರಷ್ಟಾದರೂ ಇರಬೇಕು.
3. ಒಂಟಿ ಕಾಲಿನ ಜಿಗಿತವೂ ಶೇ. 90 ಮುಟ್ಟಬೇಕು. ಉದಾಹರಣೆಗೆ, ಒಳ್ಳೆಯ ಕಾಲಿನಲ್ಲಿ 120 ಸೆಂ.ಮೀ. ಜಿಗಿದರೆ ಇನ್ನೊಂದರಲ್ಲಿ 108 ಸೆಂ.ಮೀ. ಆಗಬೇಕು. 102 ಸೆಂ.ಮೀ. ಆದರೆ ಅದು ಶೇ. 85 ಮಾತ್ರ, ಸಾಲದು.
4. ಕನಿಷ್ಠ 9 ತಿಂಗಳು ಕಳೆದಿರಬೇಕು.

ಈ ಜಿಗಿತದ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಫಿಜಿಯೋಥೆರಪಿಸ್ಟರ ಎದುರಿನಲ್ಲೇ ಮಾಡಿರಿ. ವಿಶ್ರಾಂತಿಯಲ್ಲಿ ಒಳ್ಳೆಯ ಕಾಲೂ ಸೊರಗಿರಬಹುದು. ಆದ್ದರಿಂದ ಒಂದೇ ಅಂಕಿಯನ್ನು ನಂಬದೆ ಎಲ್ಲವನ್ನೂ ಕೂಡಿಸಿ ನೋಡಬೇಕು.

ಆತುರ ಏಕೆ ಬೇಡ?

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಪೆಟ್ಟಿನ ಪ್ರಮಾಣ ಸುಮಾರು ಅರ್ಧದಷ್ಟು ಇಳಿದದ್ದು ಕಂಡುಬಂತು. ಅದೇ ವರ್ಷ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಕ್ಕೆ ಮರಳಿದ 25 ವರ್ಷದೊಳಗಿನವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಕಾಲಿಗೋ ಇನ್ನೊಂದಕ್ಕೋ ಮತ್ತೆ ಈ ಪೆಟ್ಟಾಗಿತ್ತು. ಸಡಿಲವಾದ ಕಾಲು ಪದೇ ಪದೇ ಜಾರಿದರೆ ಕೀಲಿನೊಳಗಿನ ಮೆತ್ತೆಯೂ ಹರಿಯಬಹುದು.

ಮನೆಯವರಿಗೆ ಸೂಚನೆ

ಮಕ್ಕಳು “ಈಗ ನೋವಿಲ್ಲ, ಆಡುತ್ತೇನೆ” ಎಂದು ಹಟ ಹಿಡಿಯುವುದು ಸಹಜ. ಬೈಯಬೇಡಿ, ಅಳತೆಯ ಚೀಟಿ ತೋರಿಸಿ ತಿಳಿಸಿ ಹೇಳಿ. ವ್ಯಾಯಾಮವನ್ನು ಮಧ್ಯದಲ್ಲಿ ಬಿಡಿಸಬೇಡಿ. ನಡೆಯುವಾಗ, ಮೆಟ್ಟಿಲಿಳಿಯುವಾಗ ಕಾಲು ಜಾರಿದಂತಾದರೆ, ಮತ್ತೆ ಊತ ಬಂದರೆ ಅಥವಾ ಕಾಲು ಮಡಚಿದಲ್ಲೇ ಸಿಕ್ಕಿಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಒಂದು ವರ್ಷದ ಪಂದ್ಯ ತಪ್ಪಿದರೆ ಮುಂದಿನ ವರ್ಷ ಆಡಬಹುದು. ಮೊಣಕಾಲು ಜೀವನವಿಡೀ ಬೇಕು.