ನೆಗಡಿಯೂ ಕಿರುವಿಮಾನವೂ

ಸ್ವಂತ ಕಿರುವಿಮಾನವುಳ್ಳವನು ಹಾರಾಟಕ್ಕೆ ಮುನ್ನ ಇಂಧನ, ಎಂಜಿನ್, ಹವಾಮಾನಗಳನ್ನು ತಪ್ಪದೆ ಪರಿಶೀಲಿಸುತ್ತಾನೆ. ತನ್ನ ನೆಗಡಿಯನ್ನು ಮಾತ್ರ ಲಕ್ಷಿಸುವುದಿಲ್ಲ. ಅವನನ್ನು ತಡೆಯಲು ಮೇಲಧಿಕಾರಿಯೂ ಇರುವುದಿಲ್ಲ.

ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ಜಕ್ಕೂರಿನಿಂದ ಹೊರಟು, ವಿಜಯವಾಡದಲ್ಲಿ ತಂಗಿ, ಭೀಮುನಿಪಟ್ಟಣದ ಕಡಲತೀರವನ್ನು ನೋಡಿಕೊಂಡು ವಿಶಾಖಪಟ್ಟಣದಲ್ಲಿ ಇಳಿಯುವವನನ್ನು ಊಹಿಸೋಣ. ಇಂತಹ ಬಹುತೇಕ ವಿಮಾನಗಳಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಕಾಯ್ದಿಡುವ ಏರ್ಪಾಡಿಲ್ಲ. ಇಳಿಯುವಾಗ ಹೊರಗಿನ ಒತ್ತಡವು ಏರುತ್ತದೆ. ನೆಲ ಸಮೀಪಿಸಿದಷ್ಟೂ ಆ ಏರಿಕೆ ತೀವ್ರ. ನಡುಕಿವಿಯನ್ನು ಗಂಟಲಿಗೆ ಸೇರಿಸುವ ಕಿರುನಾಳವು ನೆಗಡಿಯಿಂದ ಮುಚ್ಚಿದ್ದರೆ, ಗಾಳಿಯು ಒಳಸೇರದೆ ಕಿವಿದೆರೆಯು ಒಳಕ್ಕೆ ಸೆಳೆಯಲ್ಪಡುತ್ತದೆ. ತೀವ್ರ ನೋವು, ಮಂದಶ್ರವಣ, ಕೆಲವೊಮ್ಮೆ ತಲೆಸುತ್ತು ಉಂಟಾಗುತ್ತವೆ. ನೆಲ ಮುಟ್ಟುವ ಹೊತ್ತಿನಲ್ಲಿ ತಲೆಸುತ್ತು ಬಂದರೆ ಪ್ರಾಣಕ್ಕೇ ಸಂಚಕಾರ.

ಉಗುಳು ನುಂಗುವುದು, ಆಕಳಿಸುವುದು, ಮೂಗು ಹಿಡಿದು ಮೆಲ್ಲಗೆ ಊದುವುದು ಉಪಕಾರಿ. ನೋವು ಹೆಚ್ಚಿದರೆ ತುಸು ಮೇಲೇರಿ, ನಿಧಾನವಾಗಿ ಇಳಿಯಬೇಕು. ನೆಗಡಿಯ ಹಲವು ಮಾತ್ರೆಗಳು ತೂಕಡಿಕೆ ತರುವುದರಿಂದ ಅವನ್ನು ನುಂಗಿ ಹಾರುವುದೂ ಸಲ್ಲದು.

ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯಂತಹವು ಚಾಲಕರ ದೇಹಸ್ಥಿತಿಯನ್ನು ಪರೀಕ್ಷಿಸಬಲ್ಲವು. ಆದರೆ ಇಂದು ಬೆಳಗಿನ ನೆಗಡಿಯನ್ನು ಬಲ್ಲವನು ಚಾಲಕನೊಬ್ಬನೇ. ಆದ್ದರಿಂದ ಜೊತೆಗಾರ ಚಾಲಕರಿಗೆ ನೀಡಬೇಕಾದ ಮೊದಲ ಸಲಹೆ ಇದು: ಮೂಗು ಕಟ್ಟಿದ ದಿನ ವಿಮಾನವು ನೆಲದ ಮೇಲೆಯೇ ಇರಲಿ.