ಮನೆಯ ಕಂಪ್ಯೂಟರಿಗೆ ಉಚಿತವಾದ ಕಾವಲು

ನಮ್ಮ ಶಾಲೆಯ ಪೋಷಕರ ಸಭೆಗಳಲ್ಲಿಯೂ, ವರುಷಕ್ಕೊಮ್ಮೆ ನಮ್ಮನ್ನು ಕಾಣಬರುವ ಹಳೆಯ ವಿದ್ಯಾರ್ಥಿನಿಯರ ಮಾತುಗಳಲ್ಲಿಯೂ ಈಚೆಗೆ ಒಂದು ಪ್ರಶ್ನೆಯು ಪದೇ ಪದೇ ಕೇಳಿಬರುತ್ತಿರುವುದು. "ಮಗಳ ಓದಿಗೆಂದು ಮನೆಗೆ ಕಂಪ್ಯೂಟರು ತಂದಿದ್ದೇವೆ, ಹಣ ಕೊಡದೆ ದೊರೆಯುವ ಯಾವ ಆಂಟಿವೈರಸ್ ಹಾಕಿಸಿದರೆ ಲೇಸು?" ಎಂಬುದೇ ಆ ಪ್ರಶ್ನೆ. ಇದು ಅಲ್ಪವಾದದ್ದಲ್ಲ. ಮಗಳ ಅಂಕಪಟ್ಟಿ, ತಂದೆಯ ಪಿಂಚಣಿಯ ಕಾಗದಗಳು, ಬ್ಯಾಂಕಿನ ವ್ಯವಹಾರ, ಗತಿಸಿದ ಅಜ್ಜಿಯ ಭಾವಚಿತ್ರ, ಇವೆಲ್ಲವೂ ಈಗ ಒಂದೇ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಮನೆಯ ಬೀಗದ ಕೈಯನ್ನು ಯಾರ ವಶಕ್ಕೆ ಕೊಡಬೇಕೆಂದು ಯೋಚಿಸುವಷ್ಟು ಎಚ್ಚರಿಕೆಯಿಂದಲೇ ಇದನ್ನೂ ಯೋಚಿಸತಕ್ಕದ್ದು. ಆದಕಾರಣ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಒಂದು ಪಾಠಕ್ಕಾಗಿ ಉಪಯೋಗಿಸಿಕೊಳ್ಳುವೆನು. ವಾಚಕರು ಇದನ್ನು ತರಗತಿಯ ಪಾಠದಂತೆಯೇ ಭಾವಿಸಿ, ಕಡೆಯಲ್ಲಿರುವ ಪ್ರಶ್ನೆಗಳಿಗೆ ತಮ್ಮ ಮನೆಯ ಯಂತ್ರದ ಮುಂದೆ ಕುಳಿತು ಉತ್ತರ ಹುಡುಕಬೇಕೆಂದು ಅಪೇಕ್ಷಿಸುತ್ತೇನೆ.

೧. ವೈರಸ್ ಎಂದರೇನು?

ವೈರಸ್ ಎಂಬುದು ಲ್ಯಾಟಿನ್ ಭಾಷೆಯ ಶಬ್ದ; ವಿಷವೆಂಬುದು ಅದರ ಮೂಲಾರ್ಥ. ವೈದ್ಯಶಾಸ್ತ್ರದಲ್ಲಿ ಅದು ಸೂಕ್ಷ್ಮವಾದ ರೋಗಕಾರಕಕ್ಕೆ ಹೆಸರಾಯಿತು. ಕಂಪ್ಯೂಟರಿನ ವೈರಸ್ಸಾದರೋ ಮನುಷ್ಯನೇ ಬರೆದಿಟ್ಟ ಆದೇಶಗಳ ಒಂದು ಗುಂಪು. ಬೇರೊಂದು ಕಡತಕ್ಕಾಗಲಿ ಡಿಸ್ಕಿಗಾಗಲಿ ಅಂಟಿಕೊಂಡು, ತನ್ನಂಥ ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತ ಯಂತ್ರದಿಂದ ಯಂತ್ರಕ್ಕೆ ಹರಡುವುದು ಅದರ ಸ್ವಭಾವ. ಇಂದಿನ ಮನೆಯ ಕಂಪ್ಯೂಟರುಗಳ ಪೂರ್ವಜವಾದ ಐ.ಬಿ.ಎಂ. ಯಂತ್ರಗಳಲ್ಲಿ ಹರಡಿದ ಮೊದಲನೆಯ ವೈರಸ್ಸು ೧೯೮೬ರ 'ಬ್ರೇನ್' ಎಂಬುದು. ಲಾಹೋರಿನ ಬಾಸಿತ್ ಫಾರೂಕ್ ಆಲ್ವಿ, ಅಮ್ಜದ್ ಫಾರೂಕ್ ಆಲ್ವಿ ಎಂಬ ಸಹೋದರರು ಅದನ್ನು ಬರೆದು, ತಮ್ಮ ಹೆಸರನ್ನೂ ವಿಳಾಸವನ್ನೂ ದೂರವಾಣಿಯ ಸಂಖ್ಯೆಯನ್ನೂ ಅದರೊಳಗೆ ಸೇರಿಸಿದ್ದರು! ಇಂದು ಇಂಥವನ್ನು ಬರೆಯುವವರು ಹೆಸರನ್ನು ಮರೆಮಾಡುತ್ತಾರೆ. ಅವರ ಉದ್ದೇಶವು ಬಹುಮಟ್ಟಿಗೆ ಪರರ ಹಣವೇ. ಕೆಲವು ದುಷ್ಟ ತಂತ್ರಾಂಶಗಳು ಪಾಸ್‌ವರ್ಡುಗಳನ್ನು ಕದಿಯುತ್ತವೆ. ಕೆಲವು ಉಪಯುಕ್ತ ವಸ್ತುವಿನ ವೇಷದಿಂದ ಒಳಗೆ ಬರುತ್ತವೆ. ರಾನ್ಸಮ್‌ವೇರ್ ಎಂಬ ಜಾತಿಯು ನಮ್ಮ ಕಡತಗಳಿಗೆ ಬೀಗ ಹಾಕಿ, ಬಿಡುಗಡೆಗೆ ಹಣ ಕೇಳುತ್ತದೆ.

ನಮ್ಮ ಊರುಗಳಲ್ಲಿ ಇವು ಬರುವ ದಾರಿಗಳು ತಿಳಿದವೇ. ವಿದ್ಯಾರ್ಥಿನಿಯು ಪ್ರಾಜೆಕ್ಟ್ ವರದಿಯನ್ನು ಮುದ್ರಿಸಲು ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಂಡುಹೋಗುತ್ತಾಳೆ. ಹತ್ತಾರು ಜನರ ಪೆನ್‌ಡ್ರೈವುಗಳು ಸೋಂಕಿದ ಯಂತ್ರಕ್ಕೆ ಅದನ್ನು ಸೇರಿಸಿ ಮನೆಗೆ ಬಂದು ನೋಡಿದರೆ, ಕಡತಗಳ ಸ್ಥಳದಲ್ಲಿ ಬಾಣದ ಗುರುತುಳ್ಳ ಶಾರ್ಟ್‌ಕಟ್ಟುಗಳು ಮಾತ್ರ ಕಾಣುವುದುಂಟು. ಆಗ ಗಾಬರಿಯಿಂದ ಅವುಗಳ ಮೇಲೆ ಒತ್ತಬಾರದು. ಸಾಮಾನ್ಯವಾಗಿ ಕಡತಗಳು ನಾಶವಾಗದೆ ಮರೆಯಾಗಿರುತ್ತವೆ. ಮೊದಲು ಪೆನ್‌ಡ್ರೈವನ್ನು ಆಂಟಿವೈರಸ್ಸಿನಿಂದ ಪರೀಕ್ಷಿಸತಕ್ಕದ್ದು. ಹಣ ಕೊಡದೆ ತಂದ ಕಳ್ಳ ಪ್ರತಿಯ ತಂತ್ರಾಂಶ, ಅಪರಿಚಿತರ ಇ-ಮೇಲಿಗೆ ಲಗತ್ತಾದ ಕಡತ, ಮದುವೆಯ ಆಮಂತ್ರಣವೆಂಬ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎ.ಪಿ.ಕೆ. ಕಡತ, ಇವು ಮಿಕ್ಕ ದಾರಿಗಳು.

೨. ಕಾವಲು ಹೇಗೆ ಕೆಲಸ ಮಾಡುವುದು?

ಆಂಟಿವೈರಸ್ಸು ಮುಖ್ಯವಾಗಿ ಎರಡು ಉಪಾಯಗಳಿಂದ ಶತ್ರುವನ್ನು ಗುರುತಿಸುತ್ತದೆ. ಮೊದಲನೆಯದು, ಪೊಲೀಸರ ಬಳಿಯಲ್ಲಿರುವ ಬೆರಳಚ್ಚುಗಳ ಪುಸ್ತಕದಂಥದು. ತಿಳಿದಿರುವ ವೈರಸ್ಸುಗಳ ಗುರುತುಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಪ್ರತಿಯೊಂದು ಕಡತವನ್ನು ಅದರೊಡನೆ ಹೋಲಿಸುವುದು. ಹೊಸ ಗುರುತುಗಳು ದಿನದಿನವೂ ಸೇರಬೇಕಾಗಿರುವುದರಿಂದ, ತಿಂಗಳುಗಟ್ಟಲೆ ಅಪ್‌ಡೇಟ್ ಆಗದ ಕಾವಲುಗಾರನು ಹಳೆಯ ಪುಸ್ತಕವನ್ನು ಹಿಡಿದು ನಿಂತವನಂತೆ. ಎರಡನೆಯದು ನಡತೆಯ ಪರೀಕ್ಷೆ. ಹೆಸರು ತಿಳಿಯದ ಕಾರ್ಯಕ್ರಮವು ಇದ್ದಕ್ಕಿದ್ದಂತೆ ನೂರಾರು ಕಡತಗಳನ್ನು ಬದಲಿಸತೊಡಗಿದರೆ ಅದನ್ನು ತಡೆಯುವುದು. ಸಿಕ್ಕಿದ್ದನ್ನು ಒಡನೆ ಅಳಿಸದೆ 'ಕ್ವಾರಂಟೈನ್' ಎಂಬ ಪ್ರತ್ಯೇಕ ಕೋಣೆಯಲ್ಲಿಡುವುದು ವಾಡಿಕೆ; ಏಕೆಂದರೆ ಕೆಲವೊಮ್ಮೆ ನಿರಪರಾಧಿಯೂ ಸಿಕ್ಕಿಬೀಳುವುದುಂಟು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕೆಲವು ಯಾವಾಗಲೂ ಎಚ್ಚರವಾಗಿದ್ದು ಕಾಯುತ್ತವೆ. ಕೆಲವು ನಾವು ಕರೆದಾಗ ಮಾತ್ರ ಬಂದು ತಪಾಸಣೆ ಮಾಡುತ್ತವೆ. ಮಾಲ್‌ವೇರ್‌ಬೈಟ್ಸ್ ಎಂಬುದರ ಉಚಿತ ರೂಪವು ಎರಡನೆಯ ಜಾತಿಯದು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಂತೆ ಅದನ್ನು ಉಪಯೋಗಿಸಬಹುದೇ ಹೊರತು, ಅದೊಂದನ್ನೇ ನಂಬಿ ಮನೆಯನ್ನು ಬಿಡಲಾಗದು.

೩. ಮನೆಯಲ್ಲಿಯೇ ಇರುವ ಕಾವಲು

ಈಗ ಮೂಲಪ್ರಶ್ನೆಗೆ ಬರೋಣ. ಯಾವುದನ್ನು ತರಬೇಕೆಂದು ಹುಡುಕುವುದಕ್ಕೆ ಮುಂಚೆ, ನಮ್ಮಲ್ಲಿ ಏನಿದೆಯೆಂದು ನೋಡತಕ್ಕದ್ದು. ೨೦೧೨ರಲ್ಲಿ ಬಂದ ವಿಂಡೋಸ್ ೮ ಮೊದಲುಗೊಂಡು ವಿಂಡೋಸಿನೊಳಗೇ ಡಿಫೆಂಡರ್ ಎಂಬ ಪೂರ್ಣವಾದ ಆಂಟಿವೈರಸ್ಸು ಸೇರಿ ಬರುತ್ತದೆ. ಅದಕ್ಕೆ ಬೇರೆ ಹಣವಿಲ್ಲ, ವರುಷಾಂತ್ಯದಲ್ಲಿ ನವೀಕರಣದ ಬೇಡಿಕೆಯೂ ಇಲ್ಲ. ಆ್ಯಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ೨೦೦೯ರಿಂದ ಎಕ್ಸ್‌ಪ್ರೊಟೆಕ್ಟ್ ಎಂಬುದೂ, ಆಂಡ್ರಾಯ್ಡ್ ಫೋನುಗಳಲ್ಲಿ ೨೦೧೭ರಿಂದ ಪ್ಲೇ ಪ್ರೊಟೆಕ್ಟ್ ಎಂಬುದೂ ಇದೇ ಬಗೆಯ ಕೆಲಸ ಮಾಡುತ್ತವೆ. ಡಿಫೆಂಡರ್ ಮೊದಮೊದಲು ಸ್ವತಂತ್ರ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿತ್ತು. ಈಚಿನ ವರುಷಗಳಲ್ಲಿ ಅದು ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲಿಯೇ ನಿಂತಿದೆ. ಆದುದರಿಂದ ಓದು, ಬರಹ, ಇ-ಮೇಲು, ಬ್ಯಾಂಕಿನ ಕೆಲಸ ಇಷ್ಟಕ್ಕೇ ಯಂತ್ರವನ್ನು ಉಪಯೋಗಿಸುವ ಹೆಚ್ಚಿನ ಕುಟುಂಬಗಳಿಗೆ ಇದೇ ಸಾಕೆಂಬುದು ನನ್ನ ಅಭಿಪ್ರಾಯ.

ಆದರೆ ಅದು ಎಚ್ಚರವಾಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ನಮ್ಮದು. ಸ್ಟಾರ್ಟ್ ಗುಂಡಿಯನ್ನು ಒತ್ತಿ 'ವಿಂಡೋಸ್ ಸೆಕ್ಯೂರಿಟಿ' ಎಂದು ಬೆರಳಚ್ಚಿಸಿರಿ. 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಎಂಬಲ್ಲಿ ಹಸಿರು ಗುರುತಿದ್ದರೆ ಕ್ಷೇಮ. ಒಳಗೆ ಹೋಗಿ 'ರಿಯಲ್ ಟೈಮ್ ಪ್ರೊಟೆಕ್ಷನ್' ಚಾಲ್ತಿಯಲ್ಲಿದೆಯೇ, ಕೊನೆಯ ಅಪ್‌ಡೇಟ್ ಯಾವ ದಿನದ್ದು ಎಂಬುದನ್ನು ಓದಿರಿ. ಇದರ ದೌರ್ಬಲ್ಯವನ್ನೂ ಹೇಳಬೇಕು: ಇಂಟರ್ನೆಟ್ ಸಂಪರ್ಕವಿಲ್ಲದಾಗ ಇದರ ಬಲವು ಕುಗ್ಗುವುದೆಂದು ಪರೀಕ್ಷಕರು ತೋರಿಸಿದ್ದಾರೆ. ಪೆನ್‌ಡ್ರೈವುಗಳ ಓಡಾಟ ಹೆಚ್ಚಾಗಿಯೂ ಇಂಟರ್ನೆಟ್ ಅಪರೂಪವಾಗಿಯೂ ಇರುವ ಮನೆಯವರು ಬೇರೊಂದು ಕಾವಲನ್ನು ವಿಚಾರಿಸುವುದಕ್ಕೆ ಇದು ತಕ್ಕ ಕಾರಣ.

೪. ಹೊರಗಿನಿಂದ ತರುವುದಾದರೆ

ಉಚಿತವಾಗಿ ದೊರೆಯುವವುಗಳಲ್ಲಿ ರುಮೇನಿಯಾ ದೇಶದ ಬಿಟ್‌ಡಿಫೆಂಡರ್, ಚೆಕ್ ದೇಶದಲ್ಲಿ ಹುಟ್ಟಿದ ಅವಾಸ್ಟ್ ಮತ್ತು ಎ.ವಿ.ಜಿ., ಜರ್ಮನಿಯ ಅವೀರಾ ಇವು ಪ್ರಸಿದ್ಧವಾದವು. ಇವುಗಳಲ್ಲಿ ಕಡೆಯ ಮೂರೂ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಸಂಸ್ಥೆಗೆ ಸೇರಿವೆ. ಆರಿಸುವವರು ನಾಲ್ಕು ವಿಷಯಗಳನ್ನು ಪರೀಕ್ಷಿಸತಕ್ಕದ್ದು.

ಮೊದಲನೆಯದಾಗಿ, ಉಚಿತವೆಂಬುದರ ಬೆಲೆಯನ್ನು ಯಾರು ತೆರುತ್ತಾರೆಂದು ಕೇಳಿರಿ. ಹಣ ಕೊಟ್ಟು ಕೊಳ್ಳುವ ರೂಪವನ್ನು ಮುಂದೆ ಮಾರಲೆಂದು ಉಚಿತ ರೂಪವನ್ನು ಹಂಚುವುದು ನ್ಯಾಯವಾದ ವ್ಯಾಪಾರವೇ. ಆದರೆ ಬೇರೆ ರೀತಿಯೂ ಉಂಟು. ಅವಾಸ್ಟ್ ಸಂಸ್ಥೆಯು ೨೦೧೪ರಿಂದ ೨೦೨೦ರ ವರೆಗೆ, ತನ್ನನ್ನು ನಂಬಿದವರು ಯಾವ ಯಾವ ಜಾಲತಾಣಗಳನ್ನು ನೋಡಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ನೂರಕ್ಕೂ ಹೆಚ್ಚು ಕಂಪೆನಿಗಳಿಗೆ ಮಾರಿತೆಂದು ಅಮೆರಿಕಾ ದೇಶದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಒಬ್ಬರ ಧರ್ಮ, ಆರೋಗ್ಯ, ರಾಜಕೀಯ ಅಭಿಪ್ರಾಯ, ಹಣಕಾಸಿನ ಸ್ಥಿತಿ ಇವೆಲ್ಲ ಆ ವಿವರಗಳಿಂದ ತಿಳಿಯುವಂತಿದ್ದುವು. ೨೦೨೦ರ ಜನವರಿಯಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆಳೆದ ಮೇಲೆ ಜಂಪ್‌ಶಾಟ್ ಮುಚ್ಚಿಹೋಯಿತು. ೨೦೨೪ರಲ್ಲಿ ಅವಾಸ್ಟ್ ೧ ಕೋಟಿ ೬೫ ಲಕ್ಷ ಡಾಲರು ತೆರಬೇಕೆಂದೂ, ಇಂಥ ವಿವರಗಳನ್ನು ಜಾಹೀರಾತಿಗಾಗಿ ಮಾರಕೂಡದೆಂದೂ ಆಜ್ಞೆಯಾಯಿತು. ಕಾವಲಿಗೆ ನಿಲ್ಲಿಸಿದವನೇ ಮನೆಯೊಳಗಿನ ಮಾತನ್ನು ಬೀದಿಯಲ್ಲಿ ಮಾರಿದರೆ ಆ ಕಾವಲಿನಿಂದ ಏನು ಫಲ? ಹದಿನೈದು ವಯಸ್ಸಿನ ಹುಡುಗಿಯು ತನ್ನ ದೇಹದ ವಿಷಯವಾಗಿ ಸಂಕೋಚದಿಂದ ಕೇಳಿದ ಪ್ರಶ್ನೆಯೂ ಇಂಥ ವಿವರಗಳಲ್ಲಿ ಸೇರಬಹುದೆಂಬುದನ್ನು ತಾಯಂದಿರು ನೆನೆಯಬೇಕು. ಆದಕಾರಣ ಸ್ಥಾಪಿಸುವಾಗ ಬರುವ ಒಪ್ಪಂದವನ್ನು ಓದಿ, ಮಾಹಿತಿಯನ್ನು ಪರರೊಡನೆ ಹಂಚಿಕೊಳ್ಳಲು ಅನುಮತಿ ಕೇಳುವ ಚೌಕಗಳ ಗುರುತನ್ನು ತೆಗೆಯಿರಿ.

ಎರಡನೆಯದಾಗಿ, ಪರೀಕ್ಷೆಯ ಫಲವನ್ನು ನೋಡಿರಿ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡ ವಿದ್ಯಾರ್ಥಿನಿಯನ್ನು ಯಾವ ಶಿಕ್ಷಕಿಯೂ ತೇರ್ಗಡೆ ಮಾಡಳು. ಜರ್ಮನಿಯ ಮಾಗ್ಡೆಬರ್ಗ್ ನಗರದ ಎ.ವಿ.-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಎ.ವಿ.-ಕಂಪ್ಯಾರಟಿವ್ಸ್ ಎಂಬ ಎರಡು ಸಂಸ್ಥೆಗಳು ಆಂಟಿವೈರಸ್ಸುಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತವೆ. ಮೊದಲನೆಯದು ರಕ್ಷಣೆ, ಯಂತ್ರದ ವೇಗ, ಬಳಕೆಯ ಅನುಕೂಲ ಎಂಬ ಮೂರು ವಿಷಯಗಳಿಗೆ ತಲಾ ೬ರಂತೆ ಒಟ್ಟು ೧೮ ಅಂಕಗಳನ್ನಿಡುತ್ತದೆ. ನಮ್ಮ ಮನೆಗಳಲ್ಲಿ ಹಳೆಯ ಯಂತ್ರಗಳೇ ಹೆಚ್ಚಾಗಿರುವುದರಿಂದ ವೇಗದ ಅಂಕವನ್ನು ಅಲಕ್ಷಿಸಬಾರದು. ಒಂದು ಪರೀಕ್ಷೆಯ ಫಲಕ್ಕಿಂತ ಎರಡು ಮೂರು ವರುಷಗಳ ಫಲವನ್ನು ಹೋಲಿಸುವುದು ಮೇಲು.

ಮೂರನೆಯದಾಗಿ, ಸದಾ ಕಾಯುವ ಕಾವಲು ಒಂದೇ ಇರಲಿ. ಎರಡಿದ್ದರೆ ಒಂದು ಕಡತಕ್ಕೆ ಎರಡೂ ಕೈಹಾಕಿ, ಯಂತ್ರವು ನಿಧಾನವಾಗುವುದು. ಹೊಸತನ್ನು ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅದನ್ನು ತೆಗೆದರೆ ತಿರುಗಿ ಬರುತ್ತದೆ. ಹೊಸ ಲ್ಯಾಪ್‌ಟಾಪಿನೊಡನೆ ಕೆಲವು ದಿನಗಳ ಮಟ್ಟಿಗೆ ಬಂದ ಆಂಟಿವೈರಸ್ಸಿನ ಅವಧಿ ಮುಗಿದಿದ್ದರೆ ಅದನ್ನು ಹಾಗೆಯೇ ಬಿಡದೆ ತೆಗೆದುಹಾಕಿರಿ.

ನಾಲ್ಕನೆಯದಾಗಿ, ತಯಾರಕರ ಸ್ವಂತ ಜಾಲತಾಣದಿಂದಲೇ ತನ್ನಿರಿ. "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ಸುಗಳಿವೆ, ಈ ಸಂಖ್ಯೆಗೆ ಕರೆ ಮಾಡಿರಿ" ಎಂದು ಥಟ್ಟನೆ ಪರದೆಯ ಮೇಲೆ ಮೂಡುವ ಪ್ರಕಟನೆಯು ಮೋಸದ್ದು. ೨೦೧೧ರಲ್ಲಿ ಮ್ಯಾಕ್ ಡಿಫೆಂಡರ್ ಎಂಬ ಹೆಸರಿನಿಂದ ಹರಡಿದ್ದು ಆಂಟಿವೈರಸ್ಸಿನ ವೇಷ ಧರಿಸಿದ ವಂಚನೆಯೇ ಆಗಿತ್ತು. ಸೋಂಕಿದ ಯಂತ್ರವನ್ನು ಶುದ್ಧಮಾಡಲು ಸಹಾಯ ಬೇಕಾದವರಿಗೆ ಭಾರತ ಸರಕಾರವು ೨೦೧೭ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಉಚಿತ ಸಾಧನಗಳನ್ನು ಒದಗಿಸುತ್ತದೆ.

೫. ಕಾವಲುಗಾರನ ಕೈಮೀರಿದ್ದು

ಒಳ್ಳೆಯ ಕಾವಲುಗಾರನಿದ್ದರೂ ಗೋಡೆಯಲ್ಲಿ ಬಿರುಕಿರಬಾರದು. ೨೦೧೭ರ ಮೇ ೧೨ರಂದು ವಾನಾಕ್ರೈ ಎಂಬ ರಾನ್ಸಮ್‌ವೇರ್ ಸುಮಾರು ೧೫೦ ದೇಶಗಳಲ್ಲಿ ಹರಡಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ೧೯,೦೦೦ಕ್ಕೂ ಮಿಕ್ಕಿ ರೋಗಿಗಳ ಭೇಟಿಗಳು ರದ್ದಾದುವೆಂದು ಅಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ಅಂದಾಜು. ಆ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ ೧೪ರಂದೇ, ಎಂದರೆ ಸುಮಾರು ಎರಡು ತಿಂಗಳು ಮುಂಚೆಯೇ ಕೊಟ್ಟಿತ್ತು! "ಆಮೇಲೆ ನೋಡೋಣ" ಎಂದು ಮುಂದಕ್ಕೆ ಹಾಕಿದ ಯಂತ್ರಗಳೇ ಕೆಟ್ಟುವು. ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಅಂಥ ಯಂತ್ರವುಳ್ಳವರು ವಿಂಡೋಸ್ ೧೧ಕ್ಕೆ ಬದಲಾಯಿಸಬಹುದೇ ಎಂದು ವಿಚಾರಿಸತಕ್ಕದ್ದು.

ಇನ್ನು ಪ್ರತಿಯ ಮಾತು. ಮುಖ್ಯವಾದ ಕಡತಗಳನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಉಳಿಸಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಇಡಿರಿ. ಸೇರಿಸಿಯೇ ಇಟ್ಟ ಡಿಸ್ಕಿಗೂ ರಾನ್ಸಮ್‌ವೇರ್ ಬೀಗ ಹಾಕುವುದು. ಮದಲಿಂಗನು ಬಂದ ಮೇಲೆ ಎಣ್ಣೆಗಾಗಿ ಅಂಗಡಿಗೆ ಓಡಿದ ಐವರು ಕನ್ಯೆಯರ ಸಾಮ್ಯವನ್ನು ನಮ್ಮ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬಾಗಿಲನ್ನು ನಾವೇ ತೆರೆದುಕೊಟ್ಟರೆ ಯಾವ ಆಂಟಿವೈರಸ್ಸೂ ತಡೆಯಲಾರದು. ಪೊಲೀಸರೆಂದು ಹೇಳಿಕೊಂಡು ವೀಡಿಯೋ ಕರೆಯಲ್ಲಿ ಹೆದರಿಸಿ, 'ಡಿಜಿಟಲ್ ಅರೆಸ್ಟ್' ಎಂಬ ಸುಳ್ಳು ಹೆಸರಿನಿಂದ ವೃದ್ಧರ ಉಳಿತಾಯವನ್ನು ದೋಚುವವರಿದ್ದಾರೆ. ಅಂಥ ಬಂಧನವು ನಮ್ಮ ಕಾಯಿದೆಯಲ್ಲಿ ಇಲ್ಲವೇ ಇಲ್ಲ. ಓ.ಟಿ.ಪಿ.ಯನ್ನು ಯಾರಿಗೂ ಹೇಳಕೂಡದು. ಅಪರಿಚಿತರ ಮಾತಿನಂತೆ ಯಾವ ತಂತ್ರಾಂಶವನ್ನೂ ಸ್ಥಾಪಿಸಕೂಡದು. ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೆ ೧೯೩೦ ಎಂಬ ಸಂಖ್ಯೆಗೆ ತಿಳಿಸಿರಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

೬. ಅಭ್ಯಾಸಕ್ಕಾಗಿ ಪ್ರಶ್ನೆಗಳು

(೧) ನಮ್ಮ ಮನೆಯ ಯಂತ್ರದಲ್ಲಿ ಈಗ ಇರುವ ಕಾವಲು ಯಾವುದು? ಅದು ಚಾಲ್ತಿಯಲ್ಲಿದೆಯೇ?

(೨) ಅದರ ಕೊನೆಯ ಅಪ್‌ಡೇಟ್ ಯಾವ ದಿನದ್ದು?

(೩) ಅವಧಿ ಮೀರಿದ ಅಥವಾ ಎರಡನೆಯ ಆಂಟಿವೈರಸ್ಸು ಉಳಿದುಕೊಂಡಿದೆಯೇ?

(೪) ಈ ರಾತ್ರಿಯೇ ಯಂತ್ರವು ಕೆಟ್ಟರೆ ಯಾವ ಕಡತಗಳು ನಮಗೆ ತಿರುಗಿ ಸಿಕ್ಕುವುವು? ಯಾವುವು ಸಿಕ್ಕವು?

(೫) ಮನೆಯ ಹಿರಿಯರಿಗೆ ೧೯೩೦ ಎಂಬ ಸಂಖ್ಯೆಯು ತಿಳಿದಿದೆಯೇ?

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮಲ್ಲಿ ಅನೇಕರು ದೂರದ ಊರುಗಳಲ್ಲಿ ಉದ್ಯೋಗದಲ್ಲಿದ್ದು, ತಂದೆತಾಯಿಗಳಿಗೆ ಕಂಪ್ಯೂಟರನ್ನೂ ಫೋನನ್ನೂ ಕೊಂಡುಕೊಟ್ಟಿದ್ದೀರಿ. ಮುಂದಿನ ರಜೆಯಲ್ಲಿ ಮನೆಗೆ ಹೋದಾಗ ಒಂದು ಗಂಟೆಯನ್ನು ಅವರ ಬಳಿಯಲ್ಲಿ ಕುಳಿತು ಕಳೆಯಿರಿ. ಅವರ ಕೈಯಿಂದ ಯಂತ್ರವನ್ನು ಕಿತ್ತುಕೊಂಡು ಸರಿಪಡಿಸದೆ, ಮೇಲಿನ ಐದು ಪ್ರಶ್ನೆಗಳಿಗೆ ಅವರೇ ಉತ್ತರ ಹುಡುಕುವಂತೆ ತಾಳ್ಮೆಯಿಂದ ಕಲಿಸಿರಿ. ನಿಮಗೆ ಅಕ್ಷರ ಕಲಿಸುವಾಗ ಅವರಿಗಿದ್ದ ತಾಳ್ಮೆಯನ್ನು ಈಗ ನೀವು ತೋರಿಸುವಿರೆಂದು ನಂಬಿದ್ದೇನೆ. ದೇವರು ನಿಮ್ಮೆಲ್ಲರ ಮನೆಗಳನ್ನು ಕ್ಷೇಮವಾಗಿ ಕಾಪಾಡಲಿ.